ಎಂಟು ಗಾಲಿ, ಒಂದು ಟೇಪು

ಕಿತ್ತೂರಿನಲ್ಲಿ ನನ್ನ ತವರುಮನೆತನ ನಾಲ್ಕು ತಲೆಮಾರಿನಿಂದ ಅಳತೆಯ ಮನೆತನ. ಮುತ್ತಜ್ಜ ಹೊಲಗಳ ಮೋಜಣಿ ಮಾಡಿದರು, ಅಜ್ಜ ಮಾಡಿದರು, ಅಪ್ಪ ಕೊನೆಯವರೆಗೂ ಸರಪಳಿ ಹಿಡಿದು ಎರೆಹೊಲಗಳಲ್ಲಿ ಓಡಾಡಿದರು. ಯಾರದೋ ಮನೆಯ ಅಣ್ಣತಮ್ಮಂದಿರು ಬಡಿಗೆ ಹಿಡಿದು ಬದುವಿನ ಮೇಲೆ ನಿಂತಾಗ ಅಜ್ಜನಿಗೆ ಕರೆ ಬರುತ್ತಿತ್ತು. ಅವರು ಹೋಗಿ ಸರಪಳಿ ಎಳೆದು ಗಡಿಕಲ್ಲು ನೆಟ್ಟರೆಂದರೆ ಇಬ್ಬರೂ ಬಡಿಗೆ ಕೆಳಗಿಟ್ಟು ಊಟಕ್ಕೆ ಹೋಗುತ್ತಿದ್ದರು. ಸಂಗೊಳ್ಳಿಯ ಕಡೆ ಆ ಕಲ್ಲುಗಳು ಇಂದಿಗೂ ನೆಟ್ಟಲ್ಲೇ ಇವೆ. ನಮ್ಮ ಮನೆಯವರು ಅಳೆದದ್ದನ್ನು ಮತ್ತೊಮ್ಮೆ ಅಳೆಯುವ ಪದ್ಧತಿ ಆ ಸೀಮೆಯಲ್ಲಿಲ್ಲ.

ನಾನು ಬೆಳಗಾವಿಯ ಕಾನ್ವೆಂಟಿನಲ್ಲಿ ಓದಿದವಳು. ಹೊಲಿಗೆ ಕಲಿಸುತ್ತಿದ್ದ ಸಿಸ್ಟರ್ ಒಂದು ನೂಲು ತಪ್ಪಿದರೂ ಇಡೀ ಅಂಚನ್ನು ಬಿಚ್ಚಿಸುತ್ತಿದ್ದರು. ಹೀಗಾಗಿ ಅಳತೆ ನನಗೆ ತವರಿನಿಂದಲೂ ಬಂದಿದೆ, ಶಾಲೆಯಿಂದಲೂ ಬಂದಿದೆ.

ಅಂಥವಳು ಗಾಲಿಯ ಅಳತೆ ತಪ್ಪಿದಳೆಂದು ರಾಮದುರ್ಗದ ಮೈದಾನದಲ್ಲಿ, ಧ್ವನಿವರ್ಧಕದ ಭೋಂಗಾದಲ್ಲಿ, ನಾಲ್ಕೂರಿನ ಜನ ಕೇಳುವಂತೆ ಸಾರಲಾಗಿದೆ. ಸಾರಿದವರು ನಮ್ಮ ಯಜಮಾನರು. ಆ ಮಾತನ್ನು ಅವರು ಇಂದಿನವರೆಗೂ ಹಿಂತೆಗೆದುಕೊಂಡಿಲ್ಲ.

ಮೋಟಾರು ಇಟ್ಟುಕೊಂಡ ಮನೆಯಲ್ಲಿ ಒಂದಲ್ಲ ಒಂದು ಆಗುತ್ತಲೇ ಇರುತ್ತದೆ. ಕೇಳಿದವರು ನಗುತ್ತಾರೆ. ನಗಲಿ, ನನ್ನ ಅಡ್ಡಿಯಿಲ್ಲ. ಆದರೆ ಮೊದಲಿನಿಂದ ಕೇಳಿ ನಗಬೇಕು.

೧. ಹದಿನಾರಕ್ಕೆ ಹದಿನಾರು

ಯುದ್ಧ ಮುಗಿದು ಎರಡು ಮೂರು ವರ್ಷಗಳಾಗಿದ್ದರೂ ಟೈರು ಸಿಗುವುದೆಂದರೆ ಸಕ್ಕರೆ ಸಿಗುವುದಕ್ಕಿಂತ ಕಷ್ಟವಾಗಿತ್ತು. ನಮ್ಮ ಯಜಮಾನರು ಬೈಲಹೊಂಗಲದಲ್ಲಿ ವಕೀಲರು. ಮನೆಯಲ್ಲಿ ನನ್ನ ಅಪ್ಪ ಕೊಟ್ಟ ಸಣ್ಣ ವಿಲಾಯತಿ ಮೋಟಾರು ಇತ್ತು. ಅದರ ಟೈರುಗಳು ಸವೆದು ಒಳಗಿನ ಬಟ್ಟೆ ಕಾಣುತ್ತಿತ್ತು.

ಒಂದು ದಿನ ಯಜಮಾನರು ಬೆಳಗಾವಿಯಿಂದ ನಾಲ್ಕು ದಪ್ಪ ಟೈರು ತಂದರು. ದಂಡಿನವರು ಬೇಡವೆಂದು ಮಾರಿದ ಜೀಪಿನ ಟೈರುಗಳು. ಅಂಗಳದಲ್ಲಿ ನಿಲ್ಲಿಸಿ ನನ್ನನ್ನು ಕರೆದರು.

"ಓದು. ಏನ ಬರದದ?"

"ಹದಿನಾರು."

"ನಮ್ಮ ಗಾಲಿ ಎಷ್ಟು?"

"ಹದಿನಾರು."

"ಮುಗೀತು. ಜಾತಕ ಕೂಡ್ತು."

"ಅದು ನಡುವಿನ ತೂತಿನ ಅಳತಿರಿ. ಅಗಲದ್ದು ಅದರ ಹಿಂದಿನ ಅಂಕಿ. ನಮ್ಮ ಹಳೇ ಟೈರಿನ ಮ್ಯಾಲೆ ಐದು ಅದ, ಇದರ ಮ್ಯಾಲೆ ಆರು. ಟೈರು ಕೂಡೋ ರಿಮ್ಮು ಮೂರೇ ಇಂಚು."

"ಒಂದು ಇಂಚಿಗೆ ಯಾರರ ಲಗ್ನಾ ಮುರೀತಾರೇನ?"

ಟೈರು ಹಾಕಿಸಿದರು. ತಂಬಿಗೆಯ ಬಾಯಿಗೆ ಮೀರಿದ ತೆಂಗಿನಕಾಯಿ ಇಟ್ಟಂತೆ ಕಂಡಿತು. ಟೈರಿನ ಪಾದ ಸಣ್ಣ ರಿಮ್ಮಿನಲ್ಲಿ ಇಕ್ಕಟ್ಟಾಗಿ, ಹೊಟ್ಟೆ ಎರಡೂ ಕಡೆ ಉಬ್ಬಿ ನಿಂತಿತು. ನೇರ ರಸ್ತೆಯಲ್ಲೇನೋ ಮೆತ್ತಗೆ ಹೋಯಿತು. ಯಜಮಾನರು "ಗಾದಿ ಮ್ಯಾಲೆ ಕುಂತಂಗ ಅದ ನೋಡು" ಎಂದು ಊರೆಲ್ಲ ಸುತ್ತಿಸಿದರು. ತಿರುವು ಬಂದಾಗ ಮಾತ್ರ ಮೋಟಾರಿನ ಮೈ ಮೊದಲು ಹೊರಳುತ್ತಿತ್ತು, ಟೈರುಗಳು ಯೋಚನೆ ಮಾಡಿ ಆಮೇಲೆ ಹೊರಳುತ್ತಿದ್ದವು.

ನಮ್ಮ ಅತ್ತೆಯವರು ಬಹಳ ಮಡಿಯವರು. ಮೋಟಾರಿನ ಆಸನ ಚರ್ಮದ್ದೆಂದು ಅದರ ಮೇಲೆ ಉಣ್ಣೆಯ ಧಾಬಳಿ ಹಾಸಿಯೇ ಕೂರುತ್ತಿದ್ದರು, ಇಳಿದ ಮೇಲೆ ಮೈಮೇಲೆ ನೀರು ಹಾಕಿಕೊಳ್ಳುತ್ತಿದ್ದರು. ಆ ವಾರವೇ ಅವರನ್ನು ಸವದತ್ತಿಗೆ, ಯಲ್ಲಮ್ಮನ ಗುಡ್ಡಕ್ಕೆ ಕರೆದೊಯ್ಯುವುದಾಯಿತು. ಉಗರಗೋಳ ದಾಟಿ ಏರಿನ ತಿರುವುಗಳು ಶುರುವಾದದ್ದೇ ಮೋಟಾರು ಎಡಕ್ಕೆ ಬಲಕ್ಕೆ, ಎಡಕ್ಕೆ ಬಲಕ್ಕೆ ತೂಗಾಡತೊಡಗಿತು. ಯಜಮಾನರು ಚಕ್ರ ಹಿಡಿದು ಬೆವರುತ್ತಿದ್ದರು. ರಸ್ತೆಯ ಬದಿಯಲ್ಲಿ ನಡೆದು ಹೊರಟಿದ್ದ ಪರಸೆಯ ಮಂದಿ ನಿಂತು ನೋಡಿದರು. ಅವರಲ್ಲಿದ್ದ ಒಬ್ಬ ಮುದುಕಿ ಎರಡೂ ಕೈ ಮೇಲೆತ್ತಿದಳು.

"ಉಧೋ ಉಧೋ! ಮೋಟಾರಿನ ಮೈಮ್ಯಾಲೆ ತಾಯಿ ಬಂದಾಳ್ರೆವ್ವಾ!"

ಅಷ್ಟೇ ಸಾಕಾಯಿತು. ನಾಲ್ಕೂ ಕಡೆಯಿಂದ ಭಂಡಾರ ಬಂದು ಬಿತ್ತು. ಮುಂದಿನ ಗಾಜು ಪೂರ್ತಿ ಅರಿಶಿನವಾಗಿ ಯಜಮಾನರಿಗೆ ದಾರಿ ಕಾಣದೆ ಮೋಟಾರು ನಿಲ್ಲಿಸಬೇಕಾಯಿತು. ಅತ್ತೆಯವರು ಧಾಬಳಿ ಅಲ್ಲೇ ಬಿಟ್ಟು ಇಳಿದು, ಮೋಟಾರಿಗೆ ಮೂರು ಸುತ್ತು ಪ್ರದಕ್ಷಿಣೆ ಹಾಕಿ ಅದರ ಮೂತಿಗೆ ಹಣೆ ಮುಟ್ಟಿಸಿದರು.

ನಾನು ಸಮಾಧಾನವಾಗಿಯೇ ಹೇಳಿದೆ. "ಅತ್ಯಾ, ಇದು ದೇವರಲ್ಲ. ಮೂರು ಇಂಚಿನ ರಿಮ್ಮಿನ ಮ್ಯಾಲೆ ಆರು ಇಂಚಿನ ಟೈರು ಕೂಡಿಸ್ಯಾರ. ಅದಕ್ಕ ಓಲಾಡತದ."

ಅತ್ತೆಯವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನೀ ಕಾನ್ವೆಂಟಿನಾಕಿ, ನಿನಗ ತಿಳೀದು. ಮೂರರ ಮ್ಯಾಲೆ ಆರು ಕೂಡಸೋದು ದೇವರಿಗಲ್ಲದ ಮತ್ಯಾರಿಗೆ ಸಾಧ್ಯ ಅದ?"

೨. ಕಮ್ಮಾರನ ನ್ಯಾಯ

ಟೈರು ಸಣ್ಣದು ಸಿಗದಿದ್ದರೆ, ಹಳೆಯ ರಿಮ್ಮುಗಳನ್ನು ತೆಗೆದಿಟ್ಟು, ಅಗಲವಾದ ಬೇರೆ ರಿಮ್ಮುಗಳನ್ನಾದರೂ ಮಾಡಿಸಬೇಕು. ಬೇರೆ ದಾರಿಯಿರಲಿಲ್ಲ. ಬೈಲಹೊಂಗಲದ ಪೇಟೆಯ ತುದಿಯಲ್ಲಿ ಚಕ್ಕಡಿ ಗಾಲಿಗೆ ಕಬ್ಬಿಣದ ಪಟ್ಟಿ ಕೂಡಿಸುವ ಕಮ್ಮಾರನಿದ್ದ. ಅವನ ಕೈಕೆಲಸದ ಬಗ್ಗೆ ನನ್ನ ದೂರಿಲ್ಲ. ಪಟ್ಟಿಯನ್ನು ಗಾಲಿಗಿಂತ ಒಂದು ಹೆಬ್ಬೆರಳು ಸಣ್ಣದು ಮಾಡಿ, ಕುಳ್ಳಿನ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಗಾಲಿಯ ಮೇಲೆ ಇಳಿಸಿ ನೀರು ಸುರಿದನೆಂದರೆ ಆ ಗಾಲಿ ಮೊಮ್ಮಕ್ಕಳ ಕಾಲಕ್ಕೂ ಬಿಚ್ಚುವುದಿಲ್ಲ. ನಮ್ಮ ಟೈರನ್ನೂ ಹಾಗೇ ಕಾಯಿಸಲು ಹೊರಟಿದ್ದ. ಅದನ್ನು ಮಾತ್ರ ನಾನು ಬಿಡಲಿಲ್ಲ.

ಕಾಗದದ ಮೇಲೆ ಕನ್ನಡದಲ್ಲಿ ಸ್ಪಷ್ಟವಾಗಿ ಬರೆದುಕೊಟ್ಟೆ. ರಿಮ್ಮಿನ ಅಗಲ ನಾಲ್ಕೂವರೆ ಇಂಚು. ನಾಲ್ಕೂ ಗಾಲಿ ಒಂದೇ ಅಳತೆ. "ಒಂದೇ" ಎಂಬುದರ ಕೆಳಗೆ ಎರಡು ಗೆರೆ ಎಳೆದೆ.

ಎಂಟು ದಿನಕ್ಕೆ ಗಾಲಿ ಸಿದ್ಧವಾಗಿ ಬಂದವು. ಮೋಟಾರಿಗೆ ಹಾಕಿಸಿ ಹಿಂದಿನಿಂದ ನೋಡಿದೆ. ಬಲಗಡೆಯ ಗಾಲಿಗಳು ಮಡ್‌ಗಾರ್ಡಿನಿಂದ ಹೊರಗೆ ಇಣುಕುತ್ತಿದ್ದವು. ಎಡಗಡೆಯವು ಮರ್ಯಾದೆಯಿಂದ ಒಳಗಿದ್ದವು. ಬಿಚ್ಚಿಸಿ ಅಳೆದೆ. ಬಲಗಡೆಯ ಎರಡು ಐದು ಇಂಚು, ಎಡಗಡೆಯ ಎರಡು ನಾಲ್ಕು.

ಕಮ್ಮಾರನನ್ನು ಕರೆಸಿದೆ. ಯಜಮಾನರು ಪಡಸಾಲೆಯಲ್ಲಿ ಪತ್ರಿಕೆ ಓದುತ್ತ ಕುಳಿತಿದ್ದರು.

"ಚೀಟಿ ಓದಿಸಲಿಲ್ಲೇನಪಾ?"

"ಓದಿಸೇನ್ರಿ ಬಾಯಾರ. ನಾಕೂವರಿ ಅಂತ ಬರದಿದ್ರಿ."

"ಇದೇನಿದು? ಒಂದು ಕಡೆ ಐದು, ಒಂದು ಕಡೆ ನಾಕು?"

"ಎರಡೂ ಕೂಡಿಸಿ ಅರ್ಧಾ ಮಾಡ್ರಿ. ನಾಕೂವರಿನೇ ಬರತೈತಿ."

"ಹಿಂಗ ಯಾಕ ಮಾಡಿದಿ?" ಎಂದೆ.

ಅವನು ಕುಕ್ಕರುಗಾಲಿನಲ್ಲಿ ಕುಳಿತು, ದಡ್ಡ ಹುಡುಗನಿಗೆ ಮಾಸ್ತರರು ಹೇಳುವಂತೆ ತಿಳಿಸಿ ಹೇಳಿದ. "ಚಕ್ಕಡಿಗೆ ಒಂದು ಎತ್ತು ಜೋರಿದ್ದು ಇನ್ನೊಂದು ಸಣ್ಣದಿದ್ರ ನೊಗದಾಗ ಸರಿಸಿ ಹೊಂದಸ್ತೇವಲ್ರಿ? ಹಂಗ ಇದೂ. ಸಾಹೇಬ್ರು ಬಲಮಗ್ಗಲಕ್ಕ ಕುಂತು ಹೊಡೀತಾರ. ಸಾಹೇಬ್ರ ಮೈ, ತಾಯಿ ದಯಾ, ಚಲೋ ಐತಿ. ಭಾರ ಬಿದ್ದಲ್ಲಿ ಅಗಲ ಬೇಕ್ರಿ."

"ಎಡಕ್ಕ ನಾ ಕೂಡ್ತೀನಿ. ನನ್ನ ಭಾರ ಎಷ್ಟಂತ ಹಿಡದಿ?"

ಕಮ್ಮಾರ ನೆಲ ನೋಡಿದ. "ಅದನ್ನ ನಿಮಗ ಕೇಳಾಕ ಧೈರ್ಯ ಆಗಲಿಲ್ರಿ. ಮನ್ಯಾಗಿನವರನ್ನ ಕೇಳಿದ್ನಿ."

"ಮನ್ಯಾಗ ಯಾರನ್ನ?"

ಅವನು ಪಡಸಾಲೆಯ ಕಡೆ ನೋಡಿದ. ಪಡಸಾಲೆಯಲ್ಲಿ ಪತ್ರಿಕೆಯ ಹಾಳೆ ಬಹಳ ನಿಧಾನವಾಗಿ ಮಗುಚಿತು.

೩. ಬೆಳೆಯುವ ಮೈ

ಇನ್ನು ಈ ಕೆಲಸವನ್ನು ಗಂಡಸರ ಕೈಯಲ್ಲಿ ಬಿಡಬಾರದೆಂದು ಗಾಲಿಗಳನ್ನು ಕಿತ್ತೂರಿಗೆ, ತವರುಮನೆಗೆ ಒಯ್ದೆ. ಅಪ್ಪನ ಮೋಜಣಿ ಸಾಮಾನು ಅಲ್ಲಿತ್ತು. ನನ್ನ ಹೊಲಿಗೆಯ ಟೇಪು ಹೇಗೂ ಕೈಚೀಲದಲ್ಲಿ ಇದ್ದೇ ಇರುತ್ತದೆ.

ಯಜಮಾನರು ರಿಮ್ಮನ್ನು ಅಳೆಯುತ್ತಿದ್ದುದು ಹೊರಗಿನ ಅಂಚಿನಿಂದ ಹೊರಗಿನ ಅಂಚಿಗೆ. ಅದು ತಪ್ಪು. ಮನೆಯ ಹೊರಗೋಡೆ ಅಳೆದು ಒಳಗೆ ಜಮಖಾನೆ ಹಾಸುವವರುಂಟೇ? ರಿಮ್ಮಿಗೆ ಎರಡು ತುಟಿಗಳಿರುತ್ತವೆ. ಆ ತುಟಿಗಳ ಒಳಗೆ, ಟೈರಿನ ಪಾದ ಕೂರುವ ಜಾಗವನ್ನು ಅಳೆಯಬೇಕು. ಆ ಅಗಲ ಟೈರಿನ ಅಗಲಕ್ಕಿಂತ ಕಡಿಮೆಯೇ ಇರಬೇಕು, ಆದರೆ ತೀರ ಕಡಿಮೆಯಾಗಬಾರದು. ತೀರ ಕಡಿಮೆಯಾದರೆ ಟೈರು ಹೊಟ್ಟೆ ಬಿಟ್ಟು ಓಲಾಡುತ್ತದೆ, ನಡುವಷ್ಟೇ ಸವೆಯುತ್ತದೆ. ತೀರ ಹೆಚ್ಚಾದರೆ ಟೈರಿನ ಗೋಡೆ ಬಿಗಿದುಕೊಂಡು ಕಲ್ಲು ಕುಣಿಯೆಲ್ಲ ನೇರ ಬೆನ್ನುಹುರಿಗೆ ಬಡಿಯುತ್ತವೆ. ಊರ ರಸ್ತೆಗೆ ಸ್ವಲ್ಪ ಮೆತ್ತಗಿರುವ ಜೋಡಿ ಸಾಕು. ಜೋರಾಗಿ ಸುತ್ತು ಹೊಡೆಯುವುದಿದ್ದರೆ ರಿಮ್ಮು ಇನ್ನಷ್ಟು ಅಗಲವಿದ್ದು ಟೈರಿನ ಗೋಡೆ ನೆಟ್ಟಗೆ ನಿಲ್ಲಬೇಕು. ಇಷ್ಟೇ ವಿದ್ಯೆ. ಇದಕ್ಕೆ ವಕೀಲಿ ಪರೀಕ್ಷೆ ಬೇಡ.

ಕಟ್ಟೆಯ ಮೇಲೆ ಒಂದು ಬರಿಯ ರಿಮ್ಮು, ಅದರ ಪಕ್ಕಕ್ಕೆ ದಪ್ಪ ಟೈರು ಹಾಕಿದ ಮೂರು ಇಂಚಿನ ಹಳೆಯ ಗಾಲಿ ಇಟ್ಟುಕೊಂಡು ಅಳೆಯುತ್ತಿದ್ದೆ. ಎದುರು ಮನೆಯ ಸಿಂಪಿಗ ತನ್ನ ಹೊಲಿಗೆ ಯಂತ್ರ ನಿಲ್ಲಿಸಿ ಬಂದ. ಟೇಪು ಕಂಡಲ್ಲಿ ಅವನ ಕಾಲು ನಿಲ್ಲುವುದಿಲ್ಲ.

"ಬಾಯಾರ, ಯಾರಿಗೆ ಹೊಲಿಸ್ಬೇಕ್ರಿ?"

"ಯಾರಿಗೂ ಇಲ್ಲ. ಗಾಲಿ ಅಳೀಲಿಕ್ಕೆ ಹತ್ತೇನಿ."

ಅವನು ಕತ್ತು ಓರೆ ಮಾಡಿ ಹಳೆಯ ಗಾಲಿಯನ್ನು ನೋಡಿದ. ಬಗ್ಗಿ ನೋಡಿದ. ಒಮ್ಮೆ ತಟ್ಟಿದ. "ಇದರ ಸೊಂಟದ ನಾಡಾ ಬಿಗಿ ಆಗೈತ್ರಿ. ಅದಕ್ಕ ಹೊಟ್ಟಿ ಹೊರಗ ಬಂದೈತಿ. ನಾಡಾ ಒಂದೀಟು ಸಡ್ಲ ಬಿಟ್ರ ಮೈ ನೆಟ್ಟಗ ನಿಲ್ಲತೈತಿ."

ನಾನು ಬೆರಗಾದೆ. ಒಂದು ವರ್ಷದಿಂದ ವಕೀಲರಿಗೆ, ಅವರ ಗೆಳೆಯರಿಗೆ, ಕಮ್ಮಾರನಿಗೆ ನಾನು ಹೇಳುತ್ತ ಬಂದದ್ದು ಇದನ್ನೇ. ಕಡೆಗೆ ತಿಳಿದದ್ದು ಪಾಯಿಜಾಮ ಹೊಲಿಯುವವನಿಗೆ. ಒಳಗಿನಿಂದ ಚಹ ತರಿಸಿ ಕೊಟ್ಟೆ. ಅವನೂ ಟೇಪಿನ ಒಂದು ತುದಿ ಹಿಡಿದು ಅಳತೆಗಳನ್ನೆಲ್ಲ ತನ್ನ ವಹಿಯಲ್ಲಿ ಬರೆದುಕೊಂಡ. ಯಾಕೆ ಬರೆದುಕೊಳ್ಳುತ್ತಾನೆಂದು ನಾನು ಕೇಳಬೇಕಾಗಿತ್ತು. ಬುದ್ಧಿವಂತನೆಂಬ ಸಂತೋಷದಲ್ಲಿ ಕೇಳಲಿಲ್ಲ.

ಮರುದಿನ ಸಂಜೆ ಬಂದ. ಬಗಲಲ್ಲಿ ಖಾಕಿ ಬಟ್ಟೆಯ ನಾಲ್ಕು ದುಂಡನೆಯ ಕುಲಾಯಿಗಳು, ಕಾಜಾ ಗುಂಡಿ ಸಮೇತ.

"ಟ್ರಾಯಲ್ ನೋಡ್ರಿ ಬಾಯಾರ."

"ನಾ ಹೊಲಿ ಅಂತ ಹೇಳೇ ಇಲ್ಲಲ್ಲ!"

"ಬಾಯಿಲೆ ಹೇಳೋದ್ಯಾಕ್ರಿ? ಅಳತಿ ಕೊಟ್ಟ ಮ್ಯಾಲೆ ಮುಗೀತು." ಒಂದನ್ನು ಗಾಲಿಗೆ ತೊಡಿಸಿ, ಹಿಂದೆ ಸರಿದು, ಒಂದು ಕಣ್ಣು ಮುಚ್ಚಿ ನೋಡಿದ. ದೊಗಳೆಯಾಗಿತ್ತು. ನಾನು ಬಾಯಿ ತೆರೆಯುವ ಮೊದಲೇ ಕೈ ಮುಗಿದ. "ಗೊತ್ತೈತ್ರಿ, ಸಡ್ಲ ಆಗೈತಿ. ಬೆಳಿಯೋ ಮೈ ಅಂತ ಎರಡಿಂಚು ಬಿಟ್ಟೇನಿ."

೪. ಭೇದ ಮಾಡಬಾರದು

ಮುಂದೆ ಕೆಲವು ವರ್ಷ ಕಳೆದವು. ಟೈರು ಅಂಗಡಿಯಲ್ಲೇ ಸಿಗುವ ಕಾಲ ಬಂತು. ಒಂದು ದಸರೆಗೆ ರಾಮದುರ್ಗದ ನಿವೃತ್ತ ಮಾಮಲೇದಾರರೊಬ್ಬರು ವಿಜಯದಶಮಿಯ ದಿನ ಮೈದಾನದಲ್ಲಿ ಮೋಟಾರುಗಳ ಓಟದ ಶರ್ಯತ್ತು ಇಟ್ಟಿದ್ದೇವೆಂದು ಹಸ್ತಪತ್ರಿಕೆ ಹಂಚಿದರು. ಮೈದಾನದ ನಡುವೆ ಬನ್ನಿಗಿಡ. ಅದರ ಸುತ್ತ ಸುಣ್ಣದ ಗೆರೆ ಎಳೆದ ದೊಡ್ಡ ದಾರಿ. ದಸರೆಯಾದ್ದರಿಂದ ಬನ್ನಿಯನ್ನು ಬಲಕ್ಕೆ ಇಟ್ಟುಕೊಂಡು ಪ್ರದಕ್ಷಿಣವಾಗಿಯೇ ಓಡಿಸಬೇಕು. ಹತ್ತು ನಿಮಿಷದಲ್ಲಿ ಅತಿ ಹೆಚ್ಚು ಸುತ್ತು ಹಾಕಿದವರಿಗೆ ಬಹುಮಾನದ ಕಪ್ಪು.

ಯಜಮಾನರು ಹೆಸರು ಕೊಟ್ಟು ಬಂದು ನನಗೆ ತಿಳಿಸಿದರು. ಆ ಹೊತ್ತಿಗೆ ನಮ್ಮ ಮೋಟಾರಿಗೆ ಎಂಟು ಗಾಲಿಗಳಿದ್ದವು. ನಾಲ್ಕು ರಸ್ತೆಯವು: ಮೊದಲಿನ ಮೂರು ಇಂಚಿನ ರಿಮ್ಮು, ಅದಕ್ಕೆ ತಕ್ಕ ಐದು ಇಂಚಿನ ಹೊಸ ಟೈರು. ನಾಲ್ಕು ಓಟದವು: ಅದೇ ಕಮ್ಮಾರನ ಎದುರಿಗೆ ನಾನೇ ಟೇಪು ಹಿಡಿದು ನಿಂತು ನಾಲ್ಕನ್ನೂ ನಾಲ್ಕೂವರೆ ಇಂಚಿಗೆ ಸರಿಮಾಡಿಸಿದ ರಿಮ್ಮು, ಅದರ ಮೇಲೆ ಆರು ಇಂಚಿನ ಟೈರು. ಗುರುತಿಗೆಂದು ರಸ್ತೆಯ ಗಾಲಿಗಳಿಗೆ ಬಿಳಿ ಬೊಟ್ಟು, ಓಟದ ಗಾಲಿಗಳಿಗೆ ಕೆಂಪು ಬೊಟ್ಟು ಹಚ್ಚಿದೆ.

"ರಾಮದುರ್ಗದ ತನಕಾ ಬಿಳಿ ಬೊಟ್ಟಿನ ಗಾಲಿ ಮ್ಯಾಲೆ ಹೋಗ್ರಿ. ಮೈದಾನದಾಗ ಕೆಂಪು ಬೊಟ್ಟಿನವು ಹಾಕ್ರಿ. ಎರಡೂ ಕಲಸಬ್ಯಾಡ್ರಿ. ತಿಳೀತೇನು?"

"ಕೂಸಿಗೆ ಹೇಳಿದಂಗ ಹೇಳ್ತಿಯಲ್ಲ."

ಹಿಂದಿನ ದಿನ ಖಂಡೇನವಮಿ, ಆಯುಧಪೂಜೆ. ನಾನು ಒಳಗೆ ಹೋಳಿಗೆಯ ಗಡಿಬಿಡಿಯಲ್ಲಿದ್ದೆ. ಹೊರಗೆ ಅತ್ತೆಯವರು ಮೋಟಾರಿನ ಪೂಜೆ ಮಾಡಿದರು. ಗುಡ್ಡದ ಪ್ರಸಂಗದ ನಂತರ ಆ ಮೋಟಾರಿನ ಮೇಲೆ ಅವರ ಭಕ್ತಿ ಹೆಚ್ಚಿತ್ತು. ಹೊರಗೆ ಬಂದು ನೋಡುತ್ತೇನೆ, ಎಂಟೂ ಗಾಲಿಗಳಿಗೆ ಸುಣ್ಣದ ಪಟ್ಟೆ, ಎಂಟಕ್ಕೂ ನಡುವೆ ದೊಡ್ಡ ಕುಂಕುಮ.

"ಅತ್ಯಾ, ಬಿಳಿ ಬೊಟ್ಟು ಎಲ್ಲೆ?"

"ಒರಸಿದೆ. ಹಬ್ಬದ ದಿನ ನಾಕಕ್ಕ ಕುಂಕುಮ ಅದ, ನಾಕಕ್ಕ ಇಲ್ಲ. ದೇವರ ಮುಂದ ಹಂಗ ಭೇದಾ ಮಾಡಬಾರದವಾ."

ಪೂಜೆಯಾದ ಕುಂಕುಮವನ್ನು ಒರೆಸುವಂತಿಲ್ಲ. ಯಜಮಾನರನ್ನು ಕರೆದು ನನ್ನ ಟೇಪನ್ನು ಅವರ ಕೋಟಿನ ಕಿಸೆಯಲ್ಲಿ ನನ್ನ ಕೈಯಾರೆ ಇಟ್ಟೆ. "ಬೊಟ್ಟು ನಂಬಬ್ಯಾಡ್ರಿ. ಅಳದು ಹಾಕ್ರಿ." ಈ ಮಾತಿಗೆ ಅತ್ತೆಯವರೇ ಸಾಕ್ಷಿ. ಬೇಕಾದರೆ ಕೇಳಬಹುದು.

ಯಜಮಾನರು ಕಿಸೆಯ ಮೇಲೆ ತಟ್ಟಿಕೊಂಡು, "ನನಗ ಕಣ್ಣಳತಿ ಅದ" ಎಂದರು.

೫. ಬನ್ನಿ ಪ್ರದಕ್ಷಿಣೆ

ಮೈದಾನದಲ್ಲಿ ಜನವೋ ಜನ. ತೊರಗಲ್ಲಿನಿಂದ ಚಕ್ಕಡಿ ಕಟ್ಟಿಕೊಂಡು ಬಂದಿದ್ದರು. ನಮ್ಮ ಕಮ್ಮಾರ ಬೈಲಹೊಂಗಲದಿಂದ ಬಸ್ಸಿನಲ್ಲಿ ಬಂದಿದ್ದ, ತನ್ನ ಕೈಯ ಗಾಲಿ ಓಡುವುದನ್ನು ನೋಡಬೇಕಲ್ಲ. ಬನ್ನಿಗಿಡದ ಕೆಳಗೆ ಮೇಜು, ಮೇಜಿನ ಮೇಲೆ ಕಪ್ಪು, ಪಕ್ಕದ ಕುರ್ಚಿಯಲ್ಲಿ ಮಾಮಲೇದಾರರು. ಗಿಡದ ಟೊಂಗೆಗೆ ಭೋಂಗಾ ಕಟ್ಟಿದ್ದರು. ನಾನೂ ಅತ್ತೆಯವರೂ ಹೆಂಗಸರ ಚಪ್ಪರದಲ್ಲಿ ಕುಳಿತೆವು.

ಚಪ್ಪರದ ಹಿಂದೆ ನಡೆದದ್ದು ನನಗೆ ಆಮೇಲೆ ತಿಳಿಯಿತು. ಯಜಮಾನರು ಎಡಗಡೆಯ ಎರಡು ಗಾಲಿ ಬಿಚ್ಚಿ ಓಟದ ಗಾಲಿ ಹಾಕಿದ್ದಾರೆ. ಅಷ್ಟರಲ್ಲಿ ಯಾರೋ "ವಕೀಲ್ರ, ಚಹಾಕ್ಕ ಬರ್ರಿ" ಎಂದಿದ್ದಾರೆ. ಹೋಗಿದ್ದಾರೆ. ಚಹವಾಗಿದೆ, ಎಲೆಯಡಿಕೆಯಾಗಿದೆ, ನಾಲ್ಕು ಮಾತಾಗಿವೆ. ತಿರುಗಿ ಬಂದು ಬಲಗಡೆ ನೋಡಿದ್ದಾರೆ. ಎರಡೂ ಗಾಲಿಗೆ ಕೆಂಪು ಬೊಟ್ಟು. "ಆಗ್ಲೇ ಹಾಕೇನಲ್ಲ" ಎಂದು ತಮಗೆ ತಾವೇ ಹೇಳಿಕೊಂಡು ಹತ್ತಿ ಕುಳಿತಿದ್ದಾರೆ. ಟೇಪು ಕಿಸೆಯಲ್ಲೇ ಇತ್ತು.

ಎಡಗಡೆ ಎತ್ತರದ ಅಗಲ ಗಾಲಿ, ಬಲಗಡೆ ಗಿಡ್ಡ ಸಣ್ಣ ಗಾಲಿ, ಅದರ ಮೇಲೆ ಬಲಕ್ಕೆ ಯಜಮಾನರು. ಇಂಥ ಮೋಟಾರು ಎಲ್ಲಿಗೆ ಎಳೆಯುತ್ತದೆಂದು ಹೇಳಲು ಕಾನ್ವೆಂಟೂ ಬೇಡ.

ನಾಲ್ಕು ಮೋಟಾರುಗಳು ಹೊರಟವು. ಉಳಿದ ಮೂರು ಸುಣ್ಣದ ಗೆರೆ ಹಿಡಿದು ಹೋದವು. ನಮ್ಮದು ಮೊದಲ ಸುತ್ತಿನಲ್ಲೇ ಗೆರೆ ದಾಟಿ ಒಳಗೆ ಬಂತು. ಎರಡನೆಯ ಸುತ್ತಿಗೆ ಇನ್ನೂ ಒಳಗೆ. ಯಜಮಾನರು ಚಕ್ರವನ್ನು ಎಡಕ್ಕೆ ಎಳೆಯುತ್ತಿದ್ದುದು ಚಪ್ಪರಕ್ಕೇ ಕಾಣುತ್ತಿತ್ತು. ಮೋಟಾರು ಒಪ್ಪುತ್ತಿರಲಿಲ್ಲ. ನಿಲ್ಲಿಸಿದರೆ ಮಾನ ಹೋಗುತ್ತದೆಂದು ಅವರು ಓಡಿಸುತ್ತಲೇ ಇದ್ದರು. ಒಂದೊಂದು ಸುತ್ತಿಗೂ ಗಿಡ ಹತ್ತಿರ ಬರುತ್ತಿತ್ತು.

ಭೋಂಗಾದಲ್ಲಿ ಮಾಮಲೇದಾರರ ಧ್ವನಿ ಬಂತು. "ವಕೀಲ ಸಾಹೇಬ್ರು ಒಳಗ ಬರಲಿಕ್ಕೆ ಹತ್ಯಾರ... ಇನ್ನೂ ಒಳಗ ಬಂದ್ರು... ವಕೀಲ್ರ, ಹೊರಗ ಭಾಳ ಜಾಗಾ ಅದ... ಅಯ್ಯ, ಕುರ್ಚಿ ಎತ್ರೋ!"

ಮಾಮಲೇದಾರರು ಒಂದು ಕೈಯಲ್ಲಿ ಕುರ್ಚಿ, ಒಂದು ಕೈಯಲ್ಲಿ ಮೈಕು ಹಿಡಿದು ಗಿಡದ ಸುತ್ತ ಓಡತೊಡಗಿದರು. ಹಿಂದೆ ನಮ್ಮ ಮೋಟಾರು. ಜನರಲ್ಲಿ ಅರ್ಧ ಮಂದಿ ವಕೀಲರು ಬನ್ನಿಗೆ ಹರಕೆ ಹೊತ್ತಿದ್ದಾರೆಂದು ಕೈ ಮುಗಿದರು. ನನ್ನ ಪಕ್ಕದಲ್ಲಿ ಅತ್ತೆಯವರು "ನಾ ಹೇಳಲಿಲ್ಲೇನು, ಅದರ ಮೈಮ್ಯಾಲೆ ಬರತದ ಅಂತ" ಎಂದು ಕಣ್ಣೊರೆಸಿಕೊಂಡರು. ಹತ್ತು ನಿಮಿಷದ ಗಂಟೆ ಬಾರಿಸಿದ್ದಕ್ಕೂ ಮೋಟಾರಿನ ಮೂತಿ ಮೇಜಿಗೆ ತಾಗಿ ನಿಂತದ್ದಕ್ಕೂ ಸರಿಹೋಯಿತು.

ಮಾಮಲೇದಾರರು ಏದುಸಿರು ಬಿಡುತ್ತ ಮೈಕನ್ನು ಯಜಮಾನರ ಬಾಯಿಗೆ ಹಿಡಿದರು. "ಏನಾತ್ರಿ ವಕೀಲ್ರ?"

ಆಗ ಯಜಮಾನರು ಆಡಿದ ಮಾತು ಇದು. ನಾಲ್ಕೂರಿನವರು ಕೇಳಿದ್ದಾರೆ.

"ನನ್ನ ತಪ್ಪೇನೂ ಇಲ್ರಿ. ಗಾಲಿ ಅಳತಿ ನಮ್ಮ ಮನಿಯಾಕಿ ಮಾಡಿದ್ದು."

ಮೈದಾನ ನಕ್ಕಿತು. ಹೆಂಗಸರ ಚಪ್ಪರವೂ ನಕ್ಕಿತು. ಕಿತ್ತೂರಿನಿಂದ ಬಂದಿದ್ದ ಇಬ್ಬರು ಮುದುಕರು, ನನ್ನ ಅಜ್ಜ ನೆಟ್ಟ ಕಲ್ಲಿನ ಅಕ್ಕಪಕ್ಕದ ಹೊಲದವರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಗು ನನಗೆ ನೋಯಲಿಲ್ಲ. ಆ ನೋಟ ನೋಯಿತು.

ನಾನು ಎದ್ದೆ. ಚಪ್ಪರದ ಹಿಂದೆ ಒಮ್ಮೆ ಇಣುಕಿ, ಮೈದಾನ ದಾಟಿ ಹೋಗಿ, ಯಜಮಾನರ ಕಿಸೆಗೆ ಕೈ ಹಾಕಿ ಟೇಪು ತೆಗೆದೆ. ಸೆರಗು ಸೊಂಟಕ್ಕೆ ಸಿಕ್ಕಿಸಿ ಗಾಲಿಯ ಬಳಿ ಕುಳಿತೆ. ಮಾಮಲೇದಾರರಿಗೆ ಹಳೆಯ ಕಚೇರಿಯ ಅಭ್ಯಾಸ, ನಾನು ಹೇಳಿದ್ದನ್ನೆಲ್ಲ ಭೋಂಗಾದಲ್ಲಿ ಒದರಿದರು.

"ಎಡಗಡೆ ಮುಂದಿಂದು, ಟೈರು ಆರು."

"ಆರೂ!"

"ಎಡಗಡೆ ಹಿಂದಿಂದು, ಆರು."

"ಆರೂ!"

"ಬಲಗಡೆ ಮುಂದಿಂದು, ಐದು. ಹಿಂದಿಂದು, ಐದು. ಓಟದ ಇನ್ನೆರಡು ಗಾಲಿ ಚಪ್ಪರದ ಹಿಂದ ಬಿದ್ದಾವು, ಕುಂಕುಮ ಸಮೇತ. ನನ್ನ ಅಳತಿ ಬರೋಬ್ಬರಿ ಅದ. ಹಾಕಿದ್ದು ತಪ್ಪಿಲೆ ಹಾಕ್ಯಾರ."

ಈಗಲಾದರೂ ಯಜಮಾನರು ತಪ್ಪು ತಮ್ಮದೆಂಬ ಒಂದು ಮಾತು ಹೇಳುವರೆಂದು ನಾನು ಎದ್ದು ನಿಂತೆ. ಅಷ್ಟರಲ್ಲಿ ಜನರನ್ನು ತಳ್ಳಿಕೊಂಡು ನಮ್ಮ ಕಮ್ಮಾರ ಒಳಗೆ ಬಂದ. ಗಾಲಿ ನೋಡಿದ, ಯಜಮಾನರನ್ನು ನೋಡಿದ, ಮಾಮಲೇದಾರರ ಮೈಕಿಗೆ ಬಾಯಿ ಹಚ್ಚಿ ಅಳುವ ಧ್ವನಿಯಲ್ಲಿ ಒದರಿದ.

"ನಾ ಅವಾಗ್ಲೇ ಬಡಕೊಂಡಿದ್ನಲ್ರಿ ಬಾಯಾರ? ಸಾಹೇಬ್ರ ಭಾರ ಬಲಕ್ಕ ಐತಿ, ಬಲಗಡೆ ಅಗಲ ಬೇಕಂತ! ಬಡವನ ಮಾತು ಯಾರೂ ಕೇಳಲಿಲ್ಲ ನೋಡ್ರಿ!"

ಆ ಚಪ್ಪಾಳೆ ತೊರಗಲ್ಲಿನ ಕೋಟೆಗೆ ಕೇಳಿಸಿರಬೇಕು.

ಅಲ್ಲಿಗೂ ಮುಗಿಯಲಿಲ್ಲ. ಚಪ್ಪಾಳೆ ನಿಂತ ಮೇಲೆ ಸುತ್ತುಗಳ ಲೆಕ್ಕ ಬಂತು. ಉಳಿದವರದು ಐದು, ಆರು, ಆರು. ನಮ್ಮ ಯಜಮಾನರದು ಹದಿನಾಲ್ಕು. ಸುತ್ತು ಸಣ್ಣದಾದಷ್ಟೂ ಬೇಗ ಮುಗಿಯುತ್ತದಲ್ಲ. ಉಳಿದವರು ಗದ್ದಲ ಮಾಡಿದರು. ಆಗ ಯಜಮಾನರಿಗೆ ಜೀವ ಬಂತು. ಕೋಟಿನ ಇನ್ನೊಂದು ಕಿಸೆಯಿಂದ ಹಸ್ತಪತ್ರಿಕೆ ತೆಗೆದು, ಕೋರ್ಟಿನ ಧ್ವನಿಯಲ್ಲಿ ಓದಿದರು.

"'ಬನ್ನಿಗಿಡವನ್ನು ಅತಿ ಹೆಚ್ಚು ಸುತ್ತು ಹಾಕಿದವರಿಗೆ.' ಸುಣ್ಣದ ಗೆರಿ ಮ್ಯಾಲೇ ಹೋಗಬೇಕಂತ ಎಲ್ಲೆ ಬರದೀರಿ? ತೋರಸ್ರಿ."

ಯಾರೂ ತೋರಿಸಲಿಲ್ಲ, ಯಾಕೆಂದರೆ ಬರೆದಿರಲಿಲ್ಲ. ಕಪ್ಪನ್ನು ಅವರಿಗೇ ಕೊಟ್ಟರು. ಅವರು ತೆಗೆದುಕೊಂಡರು. ಭೋಂಗಾದಲ್ಲಿ ಎಲ್ಲರಿಗೂ ಧನ್ಯವಾದ ಹೇಳಿದರು. ಮಾಮಲೇದಾರರಿಗೆ, ಕಮ್ಮಾರನಿಗೆ, ಬನ್ನಿಗಿಡಕ್ಕೆ. ಹೀಗೆ ಗೆದ್ದದ್ದು ಅವರ ಜಾಣತನದಿಂದ, ಒಳಗೆ ನುಗ್ಗಿದ್ದು ನನ್ನ ಅಳತೆಯಿಂದ ಎಂದು ದಾಖಲಾಯಿತು.

ಆ ಸಂಜೆ ಊರಿನ ಪದ್ಧತಿಯಂತೆ ಯಜಮಾನರು ಬನ್ನಿ ತಂದು ನನ್ನ ಕೈಗಿಟ್ಟು "ಬಂಗಾರದಂಗ ಇರೋಣು" ಎಂದರು. ತೆಗೆದುಕೊಂಡೆ, ಹಬ್ಬ ಹಬ್ಬವೇ. ಮರುವರ್ಷವೂ ಕೊಟ್ಟರು. ಅದರ ಮರುವರ್ಷವೂ ಕೊಟ್ಟರು. ಮೂರು ದಸರೆಯ ಬನ್ನಿ ಎಲೆಗಳು ಆ ಕಪ್ಪಿನಲ್ಲೇ ಒಣಗಿ ಕುಳಿತಿವೆ. ಬನ್ನಿ ಕೊಟ್ಟ ಮೇಲೆ ಹಳೆಯ ಮಾತೆಲ್ಲ ಮುಗಿದಂತೆ ಎಂಬುದು ವಕೀಲರ ವಾದ. ನನ್ನ ತವರಿನಲ್ಲಿ ಹಾಗಲ್ಲ. ಗಡಿಕಲ್ಲನ್ನು ತಪ್ಪಿ ನೆಟ್ಟವನು ಅದೇ ಹೊಲಕ್ಕೆ ಹೋಗಿ, ಅದೇ ಮಂದಿಯ ಎದುರು ಕಿತ್ತು, ಸರಿಯಾದಲ್ಲಿ ನೆಡಬೇಕು. ಮನೆಯಲ್ಲಿ ಕುಳಿತು ಎಲೆ ಕೊಟ್ಟರೆ ಕಲ್ಲು ಸರಿಯುವುದಿಲ್ಲ.

ಕಿತ್ತೂರಿನ ಆ ಇಬ್ಬರು ಮುದುಕರು ಇನ್ನೂ ಇದ್ದಾರೆ. ಈ ದಸರೆಗೂ ಮೈದಾನಕ್ಕೆ ಬರುತ್ತಾರೆ. ಮಾಮಲೇದಾರರು ಅದೇ ಟೊಂಗೆಗೆ ಭೋಂಗಾ ಕಟ್ಟಿಸುತ್ತಾರೆಂದು ವಿಚಾರಿಸಿ ತಿಳಿದಿದ್ದೇನೆ. ಯಜಮಾನರು ಅಲ್ಲಿ ನಿಂತು, ಅಳತೆ ಸರಿಯಿತ್ತು, ಗಾಲಿ ಹಾಕಿದ್ದು ತಪ್ಪಿತ್ತು ಎಂದು ಭೋಂಗಾದಲ್ಲಿ ಹೇಳಿ ನನ್ನ ಕ್ಷಮೆ ಕೇಳತಕ್ಕದ್ದು.